ಬೆಲ್ಲವಿಲ್ಲದ ಹೆಗಲು

“ನಿನಗ ನೋವಾದಾಗ ನಾ ಬರ್ತೀನಿ” ಎಂದು ನೀಲವ್ವನಿಗೆ ಮಾತು ಕೊಟ್ಟಾಗ ಕಸ್ತೂರಿಗೆ ಒಂಬತ್ತು ವರ್ಷ. ಬೆಟಗೇರಿಯ ಮನೆಯಲ್ಲಿ ಮಗ್ಗದ ನೂಲಿಗೆ ಹಚ್ಚುವ ಗಂಜಿ ಹಂಡೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಓಡಿ ಬಂದ ಹುಡುಗಿ ಎಡವಿದಳು, ಹಂಡೆ ಮಗುಚಿತು, ಎರಡೂ ಕಾಲು ಬೆಂದವು. ಹುಬ್ಬಳ್ಳಿಗೆ ಒಯ್ದು ಆಸ್ಪತ್ರೆಗೆ ಹಾಕಿದರು. ಸೂಜಿಮದ್ದು ಮೊದಲೆರಡು ದಿನ ಕೆಲಸ ಮಾಡಿತು, ಆಮೇಲೆ ಕೈಯೆತ್ತಿತು.

ಆಗಷ್ಟೇ ಆ ಆಸ್ಪತ್ರೆಗೆ ಹೊಸ ಯಂತ್ರವೊಂದು ಬಂದಿತ್ತು. ಒಬ್ಬರ ನೋವಿನಲ್ಲಿ ಅರ್ಧವನ್ನು ಇನ್ನೊಬ್ಬರ ಮೈಗೆ ದಾಟಿಸುವ ಯಂತ್ರ. ಇಬ್ಬರ ಕುತ್ತಿಗೆಗೂ ಒಂದೊಂದು ಪಟ್ಟಿ, ನಡುವೆ ಒಂದು ತಂತಿ, ಅಷ್ಟೆ. ಅದನ್ನು ಮಾಡಿದವರು ಉದ್ದನೆಯ ಹೆಸರಿಟ್ಟಿದ್ದರು. ಜನ ‘ಹೆಗಲು’ ಎಂದು ಕರೆದರು.

ಕಸ್ತೂರಿಯ ಅವ್ವ ತುಂಬಿದ ಬಸುರಿ, ಆಕೆಗೆ ಪಟ್ಟಿ ಕಟ್ಟಲು ಡಾಕ್ಟರರು ಒಪ್ಪಲಿಲ್ಲ. ಅಪ್ಪ ಕಟ್ಟಿಸಿಕೊಂಡ. ತಂತಿ ಜೋಡಿಸಿದ್ದೇ ತಡ, ಚೀರಿ, ಪಟ್ಟಿ ಕಿತ್ತೆಸೆದು ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತ. ಅವನನ್ನು ಯಾರೂ ಬೈಯಲಿಲ್ಲ.

ಮರುದಿನ ನೀಲವ್ವ ಬಂದಳು. ಗದಗ ಬಸ್‌ಸ್ಟ್ಯಾಂಡಿನ ಎದುರು ಪೇರಲ ಹಣ್ಣು ಮಾರುವಾಕಿ, ಅದೇ ಓಣಿಯವಳು. ನಳದ ನೀರಿನ ಪಾಳಿಗೆ ಜಗಳಾಡಿ ಕಸ್ತೂರಿಯ ಅವ್ವನೊಂದಿಗೆ ಮಾತು ಬಿಟ್ಟು ವರ್ಷವಾಗಿತ್ತು. ಪೇರಲ ಬುಟ್ಟಿಯನ್ನು ಮಂಚದ ಕೆಳಗೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಾಕ್ಟರರ ಕಡೆ ತಿರುಗಿದಳು.

“ಈ ಹುಡುಗಿ ಒದರೂದು ಕೇಳಿ ಕೇಳಿ ನನಗ ನಿದ್ದಿ ಇಲ್ಲದಂಗಾಗೇತಿ. ಕಟ್ರಿ ಅತ್ಲಾಗ ಆ ಪಟ್ಟಿ. ಇಕಿ ಸುಮ್ನಾದ್ರ ನಾ ಒಂದೀಟ ಮಲಗತೇನಿ.”

ಕಟ್ಟಿದರು. ನೀಲವ್ವ ಚೀರಲಿಲ್ಲ, ಬೈದಳು. ಗಂಜಿಗೆ ಬೈದಳು, ಮಗ್ಗಕ್ಕೆ ಬೈದಳು, ಯಂತ್ರ ಮಾಡಿದವನ ವಂಶಕ್ಕೆ ಬೈದಳು, ಹುಡುಗಿಯ ಕಾಲಿಗೆ ಹೊಸ ಚರ್ಮ ಬರುವ ತನಕ ಬೈಯುತ್ತಲೇ ಪಕ್ಕದ ಮಂಚದಲ್ಲಿ ಮಲಗಿದ್ದಳು. ಬಿಟ್ಟು ಹೋಗುವ ದಿನ ಕಸ್ತೂರಿ ಆಕೆಯ ಸೆರಗು ಹಿಡಿದು ಆ ಮಾತು ಹೇಳಿದ್ದು.

“ಬರಬ್ಯಾಡವಾ” ಎಂದಿದ್ದಳು ನೀಲವ್ವ. “ಬಂದ್ರ ಬೆಲ್ಲಾ ನೀರು ಕೊಡಬೇಕಾಗ್ತದ. ನನ್ನ ಮನ್ಯಾಗ ಬೆಲ್ಲ ಇರೂದಿಲ್ಲ.”

*

ಮೂವತ್ತು ವರ್ಷಗಳ ಮೇಲೆ ಕಸ್ತೂರಿ ಅದೇ ಯಂತ್ರದ ಮುಂದೆ ಕೂತು ಅನ್ನ ದುಡಿಯುತ್ತಿದ್ದಳು. ಹುಬ್ಬಳ್ಳಿಯಲ್ಲಿ ಈಗ ‘ಹೆಗಲು ಕೇಂದ್ರ’ ಎಂಬ ಮೂರಂತಸ್ತಿನ ಕಟ್ಟಡವೇ ಇತ್ತು. ನೋವಿದ್ದವರು ಒಳಗಿನ ಮಂಚಗಳ ಮೇಲೆ, ಹೆಗಲು ಕೊಡುವವರು ಹೊರಗಿನ ಸಾಲಿನಲ್ಲಿ, ನಡುವೆ ಗಾಜಿನ ಕೋಣೆಯಲ್ಲಿ ಕಸ್ತೂರಿ ಮತ್ತು ಅವಳ ದೀಪಗಳು.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ಅವಳು ಯಂತ್ರವನ್ನು ಹೀಗೆ ವಿವರಿಸುತ್ತಿದ್ದಳು. ನೋವು ಅಂದರೆ ಮಿದುಳು ಹಾಕುವ ಕೂಗು. ಔಷಧಿ ಕೊಟ್ಟು ಆ ಬಾಯಿ ಮುಚ್ಚಬಹುದು, ಆದರೆ ಕೆಲವರಲ್ಲಿ ಮಿದುಳು ಸ್ವಲ್ಪ ದಿನಕ್ಕೆ ಆ ಮೋಸ ಕಂಡುಹಿಡಿದು ಇನ್ನೂ ಜೋರಾಗಿ ಕೂಗುತ್ತದೆ. ಅದಕ್ಕೆ ಬೇಕಾದದ್ದು ಬಾಯಿ ಮುಚ್ಚುವವರಲ್ಲ, ‘ಓ’ ಎನ್ನುವವರು. ಇನ್ನೊಂದು ಮಿದುಳು ಅದೇ ಕೂಗನ್ನು ತನ್ನದೆಂದು ಕೇಳಿಸಿಕೊಂಡು ‘ಓ’ ಎಂದರೆ ಕೂಗು ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರಿನಿಂದ ‘ಓ’ ಅನ್ನಿಸಿ ನೋಡಿದ್ದರು. ಒಂದು ತಾಸು ನಂಬಿದ ಮಿದುಳು ಆಮೇಲೆ ನಂಬಲಿಲ್ಲ. ಜೀವವೇ ಬೇಕು.

ಜೀವ ಬೇಕು ಅಂದ ಮೇಲೆ ಜೀವದ ಪೇಟೆಯೂ ಶುರುವಾಯಿತು. ಮೊದಲ ವರ್ಷಗಳಲ್ಲಿ ಉಳ್ಳವರು ಬಡವರನ್ನು ದಿನಗೂಲಿಗೆ ಹಿಡಿದು ತಮ್ಮ ನೋವು ಹೊರಿಸಿದರು. ಕಸ್ತೂರಿಯ ಮೈದುನ ಈರಣ್ಣ ಅಂಥ ಕೂಲಿಯವನು. ಕಂಡವರ ನೋವನ್ನೆಲ್ಲ ಹೊತ್ತು ಹೊತ್ತು ಕೊನೆಗೆ ಮೈಮೇಲೆ ಅಂಗಿ ಸೋಕಿದರೂ ಚೀರುವಂತಾಗಿ, ಬರಿಮೈಯಲ್ಲೇ ಸತ್ತ. ಅಂಥ ಸಾವುಗಳು ಹೆಚ್ಚಾದ ಮೇಲೆ ಕಾಯ್ದೆ ಬಂತು: ತನಗೆ ನಷ್ಟ ಮಾಡಿಕೊಂಡು ಯಾರೂ ಹೆಗಲು ಕೊಡುವಂತಿಲ್ಲ.

ಕಾಯ್ದೆಯ ಹಿಂದೆಯೇ ‘ಬೆಲ್ಲ’ ಬಂತು. ನೋವಿನ ಜೊತೆ ಅದೇ ದಾರಿಯಲ್ಲಿ ಒಂದು ಸುಖದ ಮಿಡಿತವನ್ನೂ ಕಳಿಸುವ ಉಪಾಯ. ಹೆಗಲು ಕೊಡುವವರಿಗೆ ಬಾಯಾರಿಕೆ ಆಗುತ್ತಿತ್ತೆಂದು ಮೊದಲಿನಿಂದಲೂ, ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ, ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡುವ ಪದ್ಧತಿ ಇತ್ತು. ಅದರ ಹೆಸರೇ ಇದಕ್ಕೂ ಅಂಟಿಕೊಂಡಿತು. ಹಲ್ಲುನೋವು ಹೊತ್ತವನು ಒಂದು ತಾಸಿನ ಮೇಲೆ ಹಬ್ಬದೂಟ ಮಾಡಿದವನ ಹಾಗೆ ನಗುತ್ತಾ ಎದ್ದು ಹೋಗುತ್ತಿದ್ದ. ಹೊರುವವನನ್ನು ಮೊದಲು ಕುರ್ಚಿಯಲ್ಲಿ ಕೂರಿಸಿದರೆ ಯಂತ್ರವೇ ಅವನ ನೋವು, ಸುಖ, ಸಮಾಧಾನ ಎಲ್ಲ ತೂಗಿ ಹೇಳುತ್ತಿತ್ತು. ಹಸಿರು ದೀಪ ಬಂದರೆ ಲಾಭ, ಜೋಡಿಸು. ಕೆಂಪು ಬಂದರೆ ನಷ್ಟ, ಎಬ್ಬಿಸು.

ಈ ಉಪಾಯ ಊರಿಗೆಲ್ಲ ಹಿಡಿಸಿತು. ಕೈಗೊಂದು ಬಳೆ ಹಾಕಿಕೊಂಡರಾಯಿತು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಅಲ್ಲೇ ಒಂದು ಚೂರು ಬೆಲ್ಲ. ಚೆನ್ನಮ್ಮನ ಸರ್ಕಲ್ಲಿನಲ್ಲಿ ಸೈಕಲ್ಲಿನಿಂದ ಬಿದ್ದವನೊಬ್ಬನನ್ನು ಎತ್ತಲು ಇಬ್ಬರು ಬಡಿದಾಡಿಕೊಂಡು, ಬಿದ್ದವನೇ ಎದ್ದು ಜಗಳ ಬಿಡಿಸಿದ್ದೂ ಉಂಟು.

*

ನೀಲವ್ವನ ಹೆಸರು ಪರದೆಯ ಮೇಲೆ ಬಂದದ್ದು ಸೋಮವಾರ. ಎಲುಬಿನೊಳಗೆ ಕ್ಯಾನ್ಸರ್, ಮದ್ದು ನಾಟುತ್ತಿಲ್ಲ, ಇನ್ನು ಕೆಲವೇ ದಿನ. ಹೆಸರು ಓದಿ ಕಸ್ತೂರಿ ಮೊದಲು ಮಾಡಿದ ಕೆಲಸವೆಂದರೆ ತನ್ನ ಕುರ್ಚಿಯನ್ನು ಒಳಗಿನ ಮಂಚಗಳಿಗೆ ಕಾಣದ ಹಾಗೆ ಕಂಬದ ಮರೆಗೆ ಎಳೆದುಕೊಂಡದ್ದು.

ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕೂರಿಸಿದಳು. ಕೆಂಪು. ಕೆಂಪು. ಮತ್ತೆ ಕೆಂಪು. ಬೆಲ್ಲ ಹೋಗುವುದೂ ನೋವು ಹೋಗುವುದೂ ಒಂದೇ ದಾರಿಯಲ್ಲಿ. ಈ ನೋವು ಆ ದಾರಿಯನ್ನೆಲ್ಲ ತುಂಬಿಕೊಂಡು ಬರುತ್ತಿತ್ತು, ಬೆಲ್ಲಕ್ಕೆ ಕಾಲಿಡಲು ಜಾಗವಿರಲಿಲ್ಲ.

ದಿನಾ ಬರುವ ಕಲಘಟಗಿ ಮಾಸ್ತರರೂ ಕೂತರು. ನಿವೃತ್ತ ಡ್ರಾಯಿಂಗ್ ಮಾಸ್ತರು, ಇಸ್ತ್ರಿ ಅಂಗಿ, ಇಡೀ ಕೇಂದ್ರದಲ್ಲೇ ಅತಿ ಹೆಚ್ಚು ಸಲ ಹೆಗಲು ಕೊಟ್ಟವರೆಂದು ಗೋಡೆಯ ಮೇಲೆ ಅವರ ಫೋಟೋ ಇತ್ತು. ದೀಪ ಕೆಂಪಾದದ್ದು ನೋಡಿ ಗಡಬಡಿಸಿ ಎದ್ದರು.

“ಏನವಾ ಇದು, ಕೆಂಪ ತೋರಸ್ತದಲ್ಲಾ? ನನ್ನ ಜೀವಮಾನದಾಗ ಕೆಂಪ ಕಂಡಿಲ್ಲ ನಾನು. ನನಗ ಒಂದ ಹಲ್ಲೋ ಒಂದ ಸೊಂಟೋ ಇದ್ರ ನೋಡು, ಪುಣ್ಯಾತ್ಗಿತ್ತಿ.”

ಸಂಜೆಗೆ ಸಾಲು ಕರಗಿತು. ಕಸ್ತೂರಿ ಒಳಗೆ ಹೋದಳು. ಮಂಚದ ಮೇಲೆ ನೀಲವ್ವ ಒಂದು ಹಿಡಿಯಷ್ಟಾಗಿದ್ದಳು, ಕಣ್ಣು ಮಾತ್ರ ಮೊದಲಿನವೇ. ಆ ಕಣ್ಣು ಕಸ್ತೂರಿಯ ಮುಖ ಬಿಟ್ಟು ಸೀರೆಯ ಅಂಚಿನ ಕೆಳಗೆ ಕಾಣುವ ಹಳೆಯ ಕಲೆಗಳ ಮೇಲೆ ನಿಂತವು.

“ಗಂಜಿ ಹುಡುಗಿ ಹೌದಲ್ಲೋ ನೀ?”

“ಹೌದು ನೀಲವ್ವ.”

“ಚರ್ಮ ಚಲೋ ಕೂಡೇತಿ ಬಿಡು. ನಾ ಬೈದದ್ದು ನಾಟೇತಿ.” ನಗಲು ಹೋಗಿ ಆಕೆ ಹಲ್ಲು ಕಚ್ಚಿದಳು. ಬೆವರಿನಿಂದ ದಿಂಬು ತೊಯ್ದಿತ್ತು. ಉಸಿರು ತಿರುಗಿದ ಮೇಲೆ ಅಂದಳು, “ಹೆದರಬ್ಯಾಡ. ಒಂಬತ್ತ ವರ್ಷದ ಹುಡುಗಿ ಆಡಿದ ಮಾತು ಹಿಡಕೊಂಡ ಕುಂಡ್ರಾಕ ನಾ ಏನ ಕೋರ್ಟಿನ ಅಮೀನಳೇನು? ಮನಿಗೆ ಹೋಗು. ಮಕ್ಕಳದಾವೇನು?”

“ಒಬ್ಬಾಕಿ ಮಗಳು.”

“ಹೋಗು ಮತ್ತ.”

ಏನು ಮಾಡಲೂ ತೋಚದೆ, ಕೈಗೆ ರೂಢಿಯಾದ ಕೆಲಸವೊಂದಿತ್ತಲ್ಲ, ಕಸ್ತೂರಿ ಬೆಲ್ಲದ ತುಂಡು ಮತ್ತು ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟಳು. ಅದು ಹೊರುವವರಿಗೆ ಕೊಡುವುದು, ನರಳುವವರಿಗಲ್ಲ ಎಂದು ಕೊಟ್ಟ ಮೇಲೆ ಹೊಳೆಯಿತು. ನೀಲವ್ವ ಬೆಲ್ಲವನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ನಾ ಯಾರಿಗೆ ಹೆಗಲ ಕೊಡಲಿ ಈಗ, ಹುಚ್ಚಖೋಡಿ?”

ಕಸ್ತೂರಿ ಮನೆಗೆ ಹೋದಳು. ಹೋಗು ಎಂದಾಗ ಎದೆಯಲ್ಲಿ ಏನೋ ಹಗುರಾಯಿತಲ್ಲ, ಅದು ಅವಳಿಗೆ ಬಸ್ಸಿನ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

*

ಮನೆಯಲ್ಲಿ ಮಗಳು ಮಯೂರಿ ನೆಲದ ಮೇಲೆ ಬೋರಲಾಗಿ ಮಲಗಿ ಶಾಲೆಯ ಬರೆಹ ಮಾಡುತ್ತಿದ್ದಳು. ಸಿಂಕಿನಲ್ಲಿ ಬೆಳಗಿನ ಪಾತ್ರೆ, ತಂತಿಯ ಮೇಲೆ ಒಣಗದ ಯೂನಿಫಾರ್ಮು. ಕಸ್ತೂರಿ ಚಪ್ಪಲಿ ಬಿಡುವ ಮೊದಲೇ ಕುಕ್ಕರ್ ಇಟ್ಟಳು.

“ಅವ್ವಾ, ಇವತ್ತ ಮಾಡಿದ ಒಳ್ಳೇ ಕೆಲಸ, ಸಿಕ್ಕ ಲಾಭ, ಎರಡು ಬರೀಬೇಕು. ಕೆಲಸದ್ದು ಬರದೇನಿ, ಪ್ರೀತಿಗೆ ಪೆನ್ಸಿಲ್ ಕೊಟ್ಟೆ ಅಂತ. ಲಾಭ ಏನಂತ ಬರೀಲಿ? ಬಳಿ ಚಾರ್ಜ್ ಇರಲಿಲ್ಲ, ಬೆಲ್ಲಾನ ಬರಲಿಲ್ಲ.”

“ಪ್ರೀತಿಗೆ ಪೆನ್ಸಿಲ್ ಸಿಕ್ತು ಅಂತ ಬರಿ.”

“ಅದು ಅಕಿ ಲಾಭ, ಅವ್ವಾ. ಟೀಚರ್ ತಪ್ಪ ಹಾಕ್ತಾರ.”

ಕಸ್ತೂರಿ ಪಾತ್ರೆ ತಿಕ್ಕತೊಡಗಿದಳು. ಗಂಡ ಶಿವಯೋಗಿ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಮುಖ ತೊಳೆದುಕೊಳ್ಳುವಾಗ ಅವಳು ನಡೆದದ್ದನ್ನೆಲ್ಲ ಹೇಳಿದಳು. ನೊರೆ ಮುಖದಲ್ಲೇ ಅವನು ಕೈ ನಿಲ್ಲಿಸಿದ.

“ಹೇಳಾಕತ್ತೀಯೋ, ಕೇಳಾಕತ್ತೀಯೋ?”

“ಹೇಳಾಕತ್ತೀನಿ.”

“ಕೆಂಪ ದೀಪ ಬಂದ್ರ ಏನಾಗ್ತದ ಗೊತ್ತೈತೋ ಇಲ್ಲೋ ನಿನಗ? ದಿನಾ ಮಂದಿಗೆ ಹೇಳಾಕಿ ನೀನ. ಉಳಿಕಿ ನೋವು ತಿಂಗಳಾನಗಟ್ಟಲೆ ಮೈಯಾಗ ಕುಂಡ್ರತದ. ಕೆಲಸ ಹೋಗ್ತದ. ಈರಣ್ಣನ್ನ ನಾ ಬರಿಮೈಲೆ ಮಣ್ಣಿಗೆ ಇಟ್ಟೇನಿ, ಕಸ್ತೂರಿ. ಹೆಣಕ್ಕೂ ಬಟ್ಟಿ ಹೊಚ್ಚಾಕ ಅಂಜಿಕಿ ಬಂದಿತ್ತು ನನಗ. ಆ ಕಾಯ್ದೆ ಅವನಂಥವರ ಹೆಣದ ಮ್ಯಾಲ ಕಟ್ಟಿದ್ದು. ಅದನ್ನ ನನ್ನ ಹೇಂತಿ ಮುರೀತಾಳ?”

ಕಾಯ್ದೆ ತಪ್ಪು ಎಂದು ಅವಳಿಗೂ ಅನ್ನಿಸಿರಲಿಲ್ಲ. ಕುಕ್ಕರ್ ಕೂಗಿತು, ಒಲೆ ಆರಿಸಿದಳು.

“ಈರಣ್ಣನ್ನ ಹಸಿವು ಒಯ್ದು ಕೂಡಿಸ್ತು” ಎಂದಳು ಕೊನೆಗೆ. “ನನ್ನ ಯಾರೂ ಒಯ್ಯಾಕತ್ತಿಲ್ಲ. ಆ ಮುದುಕಿ ಸೈತ ಹೋಗು ಅಂದ್ಲು.”

“ಅಂದ್ಲಲ್ಲ! ಬಿಟ್ಲಲ್ಲ ನಿನ್ನ! ಮತ್ತೇನು? ನಿನಗೇನ ಹೋಗೂ ಮನಸೈತೇನು?”

“ಇಲ್ಲ.”

“ಇಲ್ಲ?”

“ಒಂದೀಟೂ ಇಲ್ಲ. ಅಂಜಿಕಿ ಆಗೇತಿ. ನಾಳಿ ಅಕಿ ಸತ್ತಿರಲಿ ದೇವರ ಅಂತ ಬಸ್ಸಿನ್ಯಾಗ ಬೇಡಿಕೊಂಡೆ, ನೋಡು ನನ್ನ ಯೋಗ್ಯತಿ.” ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಮನಸಿಲ್ಲ. ಹೋಗಬೇಕು.”

ಶಿವಯೋಗಿ ಮುಖದ ನೊರೆ ತೊಳೆದುಕೊಂಡು, ಉಣ್ಣದೆ ಹೋಗಿ ಮಲಗಿದ.

*

ಕದ್ದು ಮುಚ್ಚಿ ಮಾಡುವ ಮನಸ್ಸು ಕಸ್ತೂರಿಗಿರಲಿಲ್ಲ. ಮರುದಿನ ಮಧ್ಯಾಹ್ನ, ಸಾಲು ತುಂಬಿ ತುಳುಕುವ ಹೊತ್ತಿನಲ್ಲೇ, ಗಾಜಿನ ಕೋಣೆಯಿಂದ ಹೊರಗೆ ಬಂದು ಹೊರುವವರ ಕುರ್ಚಿಯಲ್ಲಿ ತಾನೇ ಕೂತಳು. ದೀಪ ಕೆಂಪಾಯಿತು. ಸಾಲಿನಲ್ಲಿ ಗುಸುಗುಸು ಎದ್ದಿತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸವಣೂರ ಓಡಿ ಬಂದರು. ಕೆಟ್ಟ ಮನುಷ್ಯರಲ್ಲ. ಬೆಲ್ಲದ ಉಪಾಯ ಕಂಡುಹಿಡಿದ ಗುಂಪಿನಲ್ಲಿ ಇದ್ದವರು, ಕೂಲಿ ಹೆಗಲಿನ ಕಾಲದ ಹೆಣಗಳನ್ನು ಎಣಿಸಿದ್ದವರು. ನೀಲವ್ವನ ಕತೆಯನ್ನು ನಿಂತೇ ಕೇಳಿದರು. ಕೇಳಿ, ಅವಳ ಪಕ್ಕ ಮೊಣಕಾಲೂರಿ ಕೂತು ಮೆಲ್ಲಗೆ ಹೇಳಿದರು.

“ಕಸ್ತೂರಿಯವರ, ಇದಕ್ಕೊಂದು ದಾರಿ ಐತಿ. ಯಂತ್ರ ಬರೇ ಬೆಲ್ಲ ಅಷ್ಟ ತೂಗೂದಿಲ್ಲ, ನಿಮ್ಮ ಸಮಾಧಾನಾನೂ ತೂಗ್ತದ. ಕಣ್ಣ ಮುಚ್ಚರಿ. ಆ ಮುದುಕಿ ಋಣ ತೀರಿಸಿದ ಮ್ಯಾಲ ಎಷ್ಟ ಹಗುರ ಅನಸ್ತದ, ನೆನಸ್ರಿ. ಮಗಳ ಮುಂದ ತಲಿ ಎತ್ತಿ ನಿಲ್ಲೂದು ನೆನಸ್ರಿ. ಆ ತೃಪ್ತಿ ದೊಡ್ಡದಾದ್ರ ದೀಪ ಹಸಿರಾಗ್ತದ. ಕಾಯ್ದೇನೂ ಉಳೀತದ, ನಿಮ್ಮ ಕೆಲಸಾನೂ.”

ಕಸ್ತೂರಿ ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಕಣ್ಣು ಮುಚ್ಚಿ ಹಗುರವಾಗುವುದನ್ನು ನೆನೆದಳು. ನೆನಪಾದದ್ದು ತೊಳೆಯದ ಪಾತ್ರೆ, ಒಣಗದ ಯೂನಿಫಾರ್ಮು, ಬರಿಮೈಯಲ್ಲಿ ಮಲಗಿದ ಈರಣ್ಣ. ಮತ್ತೆ ನೆನೆದಳು. ಸಿಟ್ಟು ಬಂತು, ಯಾಕೆ ನಾನೇ ಸಿಕ್ಕೆ ಎಂದು. ಕಣ್ಣು ತೆರೆದಾಗ ದೀಪ ಮೊದಲಿಗಿಂತ ಕಡುಗೆಂಪಾಗಿತ್ತು.

“ಇಲ್ರಿ ಸರ್. ನನ್ನ ಹತ್ರ ತೃಪ್ತಿ ಇಲ್ಲ.”

ಡಾಕ್ಟರರು ನಿಜವಾಗಿ ತಬ್ಬಿಬ್ಬಾದರು. “ಬೆಲ್ಲ ಇಲ್ಲ. ತೃಪ್ತೀನೂ ಇಲ್ಲ. ಹಂಗಾದ್ರ ಯಾಕ ಮಾಡ್ತೀರಿ? ಹಂಗ ಯಾರೂ ಮಾಡೂದಿಲ್ಲವಾ. ಯಾರರೆ ಒಳ್ಳೇದು ಮಾಡಿದ್ರ ಆಳದಾಗ ತಮಗ ಏನೋ ಇರತದ. ಅದು ತಪ್ಪಲ್ಲ. ಆ ನೀಲವ್ವಾನೂ ತನ್ನ ನಿದ್ದಿ ಸಲುವಾಗಿ ಬಂದಿದ್ಲು, ನೀವ ಹೇಳಿದ್ರಿ.”

ಅಲ್ಲಿಯ ತನಕ ತಗ್ಗಿದ್ದ ಕಸ್ತೂರಿಯ ದನಿ ಏರಿತು.

“ಸರ್, ನಾ ಮಲಗಿದ್ದ ಆಸ್ಪತ್ರಿ ಹುಬ್ಬಳ್ಳ್ಯಾಗ. ಅಕಿ ಮಲಗತಿದ್ದದ್ದು ಬೆಟಗೇರ್ಯಾಗ. ಗದಗಿನ ಬಸ್ ಹತ್ತಿ, ಕೂಡಾಕ ಜಾಗ ಸಿಗದ ನಿಂತ ಬಂದಿದ್ಲು. ಹುಬ್ಬಳ್ಳ್ಯಾಗ ಒದರಿದ್ದು ಬೆಟಗೇರಿಗೆ ಕೇಳೂವಂಥಾ ಕಿವಿ ಯಾರಿಗೈತ್ರಿ? ಅದನ್ನ ತಿಳಕೊಳ್ಳಾಕ ನನಗ ಹತ್ತ ವರ್ಷ ಹಿಡೀತು. ನಿದ್ದಿ ಅಂದದ್ದು, ನಮ್ಮವ್ವ ಥ್ಯಾಂಕ್ಸ್ ಹೇಳಾಕ ಬರಬಾರದು ಅಂತ!”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರರು ನಗಲಿಲ್ಲ.

“ಕಸ್ತೂರಿಯವರ, ಒಳ್ಳೇತನಕ್ಕೂ ಸ್ವಂತ ಹಿತಕ್ಕೂ ಮನುಷ್ಯ ಹುಟ್ಟಿದಾಗಿನಿಂದ ಜಗಳ ಇತ್ತು. ಎಷ್ಟು ಮಂದಿ ಸಾಧು ಸಂತರು ತಲಿ ಕೆಡಿಸಿಕೊಂಡ್ರು. ಆ ಜಗಳ ಮುಗಿಸಿದವರು ನಾವು. ಇವತ್ತ ಈ ಊರಾಗ ಒಳ್ಳೇದು ಮಾಡಿ ಯಾರೂ ಕೆಡೂದಿಲ್ಲ. ಅದನ್ನ ನೀವ ಒಡೀಬ್ಯಾಡ್ರಿ.”

“ಮುಗಿಸಿಲ್ರಿ ಸರ್” ಎಂದಳು ಕಸ್ತೂರಿ. “ಜಗಳ ಇದ್ದ ಕಡೆ ಹೋಗೂದನ್ನ ಬಿಟ್ಟೀವಿ. ಹಲ್ಲಬ್ಯಾನಿಗೆ ಇಷ್ಟುದ್ದ ಸಾಲು ಐತಿ. ನಿನ್ನೆ ಆ ಮಂಚದ ಹತ್ರ ಒಂದ ನೊಣಾನೂ ಇರಲಿಲ್ಲ. ಬೆಲ್ಲ ಮುಟ್ಟೂ ತನಕ ನಮ್ಮ ಒಳ್ಳೇತನ, ಬೆಲ್ಲ ಮುಗದಲ್ಲಿ ಬಾಗಲ ಮುಚ್ಚತೀವಿ. ನನಗೇನ ಸಿಗ್ತದ ಅಂತ ಮಗಳಿಂದ ಹಿಡದು ನಿಮ್ಮ ತನಕ ಎಲ್ಲಾರೂ ಕೇಳ್ತೀರಿ. ಏನೂ ಸಿಗೂದಿಲ್ಲ! ದೀಪ ಸುಳ್ಳ ಹೇಳಾಕತ್ತಿಲ್ಲ, ನನಗ ನಷ್ಟಾನ. ನಷ್ಟ ಅಂತ ಗೊತ್ತಿದ್ದ ಕುಂತೇನಿ. ಅಕಿಗೆ ನೋವಾಗಾಕತ್ತೇತಿ, ಅಷ್ಟ ಕಾರಣ. ಅದು ನನ್ನ ಲಾಭ ಆಗಬೇಕಾಗಿಲ್ಲ.”

ಯಂತ್ರ ನಡೆಸುವ ಪ್ರತಿಯೊಬ್ಬರ ಕೊರಳಲ್ಲೂ ಒಂದು ಕೀಲಿ ಇರುತ್ತಿತ್ತು. ಕೆಂಪು ಬಂದರಾಗಲಿ, ಕರೆಂಟು ಹೋದರಾಗಲಿ ಯಂತ್ರಕ್ಕೆ ತಾನಾಗಿ ಬೀಗ ಬೀಳುತ್ತಿತ್ತು, ಕರೆಂಟು ಹೋದಾಗ ಅದನ್ನು ಬಿಡಿಸಲೆಂದು ಕೊಟ್ಟದ್ದು. ಕೆಂಪು ದೀಪವಿದ್ದಾಗ ಅದನ್ನು ತಿರುಗಿಸಿದರೆ ಕೆಲಸವೂ ಪರವಾನಗಿಯೂ ಅಲ್ಲಿಗೇ ಮುಗಿದಂತೆ. ಒಮ್ಮೆ ಜೋಡಿಸಿದ ತಂತಿಯನ್ನು ಆ ಇಬ್ಬರಲ್ಲೊಬ್ಬರು ತಾವಾಗಿ ಬಿಚ್ಚಬೇಕೇ ಹೊರತು ಮೂರನೆಯವರು ಕಿತ್ತರೆ ಇಬ್ಬರ ಜೀವಕ್ಕೂ ಅಪಾಯ. ಇದು ಡಾಕ್ಟರರಿಗೂ ಗೊತ್ತಿತ್ತು, ಕಸ್ತೂರಿಗೂ ಗೊತ್ತಿತ್ತು.

ಅವಳು ಎದ್ದು ಒಳಗೆ ನಡೆದಳು. ಸಾಲು ದಾರಿ ಬಿಟ್ಟಿತು. ಕೊರಳಿಂದ ಕೀಲಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಯಂತ್ರಕ್ಕೆ ಹಾಕಿ ತಿರುಗಿಸಿ, ಆ ಕೀಲಿಯನ್ನು ಡಾಕ್ಟರರ ಕೈಗೇ ಕೊಟ್ಟು, ನೀಲವ್ವನ ಪಕ್ಕದ ಮಂಚದ ಮೇಲೆ ಮಲಗಿ ಪಟ್ಟಿ ಕಟ್ಟಿಕೊಂಡಳು.

“ಬರಬ್ಯಾಡ ಅಂದಿದ್ದೆನಲ್ಲ!” ಎಂದಳು ನೀಲವ್ವ.

“ನಿನ್ನ ಯಾರ ಕೇಳಿದ್ರು?” ಎಂದು ಕಸ್ತೂರಿ ತಂತಿ ಜೋಡಿಸಿದಳು.

*

ಅದು ಹೇಗಿತ್ತೆಂದು ಆಮೇಲೆ ಯಾರಾದರೂ ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಎಲುಬಿನ ಒಳಗೆ ಯಾರೋ ಕಾದ ಸಲಾಕೆಯಿಂದ ಮೆಲ್ಲಗೆ, ತಾಳ್ಮೆಯಿಂದ, ಅವಸರವೇ ಇಲ್ಲದೆ ಕೆರೆಯುತ್ತಿದ್ದಂತೆ. ಅವಳು ಚೀರಿದಳು. ಅಪ್ಪನ ಹಾಗೆಯೇ, ಕೈ ತಾನಾಗಿ ಪಟ್ಟಿಗೆ ಹೋಯಿತು. ಮಂಚದ ಸರಳು ಸಿಕ್ಕಿತು, ಅದನ್ನು ಹಿಡಿದುಕೊಂಡಳು. ಆಮೇಲೆ ಬೈಯತೊಡಗಿದಳು. ಬೈಗುಳ ಎಲ್ಲಿಂದ ಬಂತೋ, ಯಾವಾಗ ಕಲಿತಿದ್ದಳೋ. ಯಂತ್ರಕ್ಕೆ, ಡಾಕ್ಟರರಿಗೆ, ನಳದ ನೀರಿಗೆ, ಗಂಡನಿಗೆ. ಮಗಳ ಟೀಚರನ್ನೂ ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಪಕ್ಕದಿಂದ ಒಂದು ಸದ್ದು ಕೇಳಿತು. ನೀಲವ್ವ ಗೊರಕೆ ಹೊಡೆಯುತ್ತಿದ್ದಳು.

ಹೋಗಲೂ ಆಗದೆ ನಿಲ್ಲಲೂ ಆಗದೆ ಬಾಗಿಲಲ್ಲಿ ಕಲಘಟಗಿ ಮಾಸ್ತರರು ನಿಂತಿದ್ದರು. ಕೊನೆಗೆ ಹತ್ತಿರ ಬಂದು, ಕುತೂಹಲ ತಡೆಯಲಾರದೆ, ದನಿ ತಗ್ಗಿಸಿ ಕೇಳಿದರು.

“ಏನ ಅನಸ್ತದವಾ? ಒಳಗ… ಒಂದ ನಮೂನಿ ಶಾಂತಿ?”

“ನೋವಾಗ್ತದ್ರಿ” ಎಂದಳು ಕಸ್ತೂರಿ.

ಮಾಸ್ತರರು ತಲೆಯಾಡಿಸಿದರು. ಬೇರೇನೂ ತೋಚದೆ ಒಂದು ಲೋಟ ನೀರು ತಂದು ಅವಳ ತುಟಿಗೆ ಹಿಡಿದರು. ಕೈಬಳೆ ಒಮ್ಮೆ ಮಿನುಗಿ ಅವರಿಗೆ ಬೆಲ್ಲ ಹಾಕಿತು. ಅವರು ಬಳೆಯನ್ನು ನೋಡಿದರು, ನಾಚಿಕೊಂಡವರ ಹಾಗೆ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಪಟ್ಟಿ ಮಾತ್ರ ಕಟ್ಟಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಮನೆಗೆ ಹೋದರು.

ಶಿವಯೋಗಿ ಬಂದದ್ದು ಆ ಮೇಲೆ. ಕೈಯಲ್ಲಿ ರೊಟ್ಟಿಯ ಡಬ್ಬಿ, ಹಿಂದೆ ಮಯೂರಿ. ಬೆವರಿನಲ್ಲಿ ಅಂಟಿದ್ದ ಹೆಂಡತಿಯ ಕೂದಲನ್ನು ಬಿಡಿಸಿ, ಒಟ್ಟುಗೂಡಿಸಿ, ಬರದ ಕೈಯಿಂದ ಒಂದು ಗಂಟು ಹಾಕಿದ. ಅವಳ ಮೈಗೆ ಹೊದಿಕೆ ಸೋಕಿದಾಗ ಅವನು ಕೈ ಹಿಂದೆಳೆದುಕೊಂಡ, ಅವಳು ಚೀರುತ್ತಾಳೇನೋ ಎಂದು. ಚೀರಲಿಲ್ಲ.

“ನನಗ ಸಿಟ್ಟ ಐತಿ” ಎಂದ.

“ಇರಲಿ.”

“ಭಾಳ ಸಿಟ್ಟ ಐತಿ. ಬಾಯಿ ತೆರಿ.” ರೊಟ್ಟಿ ಮುರಿದು ಹೆಸರುಕಾಳಿನ ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟ.

ಮಯೂರಿ ಎರಡು ಮಂಚಗಳ ನಡುವಿನ ತಂತಿಯನ್ನೇ ನೋಡುತ್ತಿದ್ದಳು. ಕೇಳುತ್ತಾಳೆಂದು ಕಸ್ತೂರಿಗೆ ಗೊತ್ತಿತ್ತು, ಕೇಳಿದಳು.

“ಅವ್ವಾ, ನಿನಗೇನ ಸಿಗ್ತದ?”

“ಏನೂ ಇಲ್ಲ.”

“ಮತ್ತ ಅಜ್ಜಿಗೆ?”

“ಅಜ್ಜಿ ಮಲಗ್ಯಾಳ ನೋಡು.”

ಹುಡುಗಿ ನೀಲವ್ವನ ತೆರೆದ ಬಾಯಿಯನ್ನು, ಏರಿಳಿಯುವ ಎದೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವ್ವನ ಮಂಚದ ಕಾಲ ಬದಿ ಕೂತು, ಚೀಲದಿಂದ ಪುಸ್ತಕ ತೆಗೆದು ಶಾಲೆಯ ಬರೆಹ ಮಾಡತೊಡಗಿದಳು. ಏನು ಬರೆದಳೋ ಕಸ್ತೂರಿ ಕೇಳಲಿಲ್ಲ. ಕೇಳುವ ತ್ರಾಣ ಇರಲಿಲ್ಲ.

ನೀಲವ್ವ ಎಚ್ಚರಾದಾಗೊಮ್ಮೆ ಪೇರಲ ಹಣ್ಣು ಬೇಕೆಂದಳು. ಶಿವಯೋಗಿ ತಂದುಕೊಟ್ಟ. ಚೂರು ಬಾಯಿಗೆ ಹಾಕಿಕೊಂಡು, “ಹಣ್ಣೇನಪಾ ಇದು, ಬೆಂಡು. ಗದಗಿಂದು ತರಬೇಕಿತ್ತು” ಎಂದು ಬೈದಳು. ಪಟ್ಟಿ ಬಿಚ್ಚು, ಸಾಕು, ಹೋಗು ಎಂದು ಕಸ್ತೂರಿಗೆ ದಿನಕ್ಕೆರಡು ಸಲ ಹೇಳುತ್ತಿದ್ದಳು. ತಾನೇ ಬಿಚ್ಚಬಹುದಿತ್ತು, ತನ್ನ ಕೊರಳಿಗೆ ಕೈ ಮಾತ್ರ ಹಾಕಲಿಲ್ಲ. ಕಸ್ತೂರಿ ಅದನ್ನು ನೋಡಿದಳು.

ಶನಿವಾರ ಮಧ್ಯಾಹ್ನ ಕಸ್ತೂರಿಯ ಎಲುಬಿನೊಳಗಿನ ಸಲಾಕೆ ಒಮ್ಮೆಲೇ ನಿಂತುಹೋಯಿತು. ಅವಳು ತಿರುಗಿ ನೋಡಿದಳು. ಗೊರಕೆಯೂ ನಿಂತಿತ್ತು.

ಡಾಕ್ಟರ್ ಸವಣೂರ ತಾವೇ ಬಂದು ಪಟ್ಟಿ ಬಿಚ್ಚಿದರು. ಯಂತ್ರ ಕೊನೆಯ ತೂಕ ಹಾಕಿತ್ತು: ನಷ್ಟ, ಶುರುವಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು. ಕೆಲಸದಿಂದ ತೆಗೆದ ಆದೇಶ ಅವರ ಜೇಬಿನಲ್ಲಿತ್ತು. ಅದನ್ನು ಹೊರತೆಗೆಯುವ ಮುನ್ನ ಅವರು ಕೇಳಿದರು. ಚುಚ್ಚಲಿಕ್ಕಲ್ಲ, ತಿಳಿಯಬೇಕಾಗಿತ್ತು.

“ಈಗರೆ ಹೇಳ್ರಿ. ಒಂದ ಚೂರು ಸಮಾಧಾನ?”

ಕಸ್ತೂರಿ ಒಳಗೆ ಹುಡುಕಿ ನೋಡಿದಳು. ದಣಿವಿತ್ತು. ಎಡಗಾಲಿನಲ್ಲಿ ಉಳಿಕೆ ನೋವು ಆಗಲೇ ಮನೆ ಮಾಡಿತ್ತು. ನಾಳೆಯಿಂದ ಕೆಲಸವಿಲ್ಲ ಎಂಬ ಅಂಜಿಕೆಯಿತ್ತು.

“ಇಲ್ರಿ” ಎಂದಳು. “ಇರಬೇಕಂತ ಯಾಕ ಹಟ ಹಿಡಿತೀರಿ ಸರ್?”

ಶಿವಯೋಗಿಯ ಹೆಗಲ ಮೇಲೆ ಕೈಯೂರಿ ಎದ್ದಳು. ಹೊರಗೆ ಹಲ್ಲುನೋವಿನ ಸಾಲು ಎಂದಿನ ಹಾಗೆ ಇತ್ತು. ಕಲಘಟಗಿ ಮಾಸ್ತರರೂ ಇದ್ದರು, ಅವಳನ್ನು ಕಂಡು ಮುಖ ತಿರುಗಿಸಿದರು. ಕಸ್ತೂರಿ ಕುಂಟುತ್ತಾ ಆ ಸಾಲಿನ ಉದ್ದಕ್ಕೂ ತಲೆಯೆತ್ತಿಕೊಂಡೇ ನಡೆದಳು.

ಒಂಬತ್ತನೆಯ ವಯಸ್ಸಿನಲ್ಲಿ ಬರುತ್ತೇನೆ ಎಂದಿದ್ದಳು. ಬಂದಳು.